ದಪ್ಪ ಟೈರಿನ ಆಸೆ ಇಟ್ಕೊಂಡ ತಮ್ಮಗ ಒಂದು ಉದ್ದನ ವಾಯ್ಸ್

ಹಲೋ... ಹಾಂ, ರೆಕಾರ್ಡ್ ಆಗ್ಲಿಕತ್ತದ. ತಮ್ಮಾ, ನೀ ಮುಂಜಾನೆ ಗ್ರೂಪಿನ್ಯಾಗ ಹಾಕಿದ್ದು ನೋಡಿದೆ. ನಿನ್ನ ಗೆಳೆಯನ ಪಲ್ಸರಿಗೆ ಹಿಂದ 140 ಸೈಜಿನ ಟೈರ್ ಹಾಕಿಸಿದ ಫೋಟೋ, ಅದರ ಕೆಳಗ "ನಾನೂ ನಾಳಿ ಗಂಗಾವತಿಗೆ ಹೋಗಿ ಹಾಕಿಸ್ಲೇನು, 17 ಇಂಚೇ ಅದ, ಕುಂದರ್ತದಂತ" ಅಂತ ಬರದೀದಿ. ಮಾವ ಹೆಬ್ಬೆಟ್ಟು ಎತ್ಯಾನ, ಚಿಗವ್ವ ಹೂವು ಕಳಿಸ್ಯಾಳ. ಯಾರೂ ಬ್ಯಾಡ ಅಂದಿಲ್ಲ. ನಾ ಬ್ಯಾಡ ಅಂತೀನಿ. ಟೈಪ್ ಮಾಡ್ಕೋತ ಕುಂತ್ರ ಸಂಜಿ ಆಗ್ತದ, ಅದಕ್ಕ ಬಾಯಿಲೆ ಹೇಳ್ತೀನಿ. ಉಣ್ಕೋತ ಕೇಳು.

17 ಅನ್ನೋದು ಬರೇ ರಿಮ್ಮಿನ ಎತ್ತರ. ನಿನ್ನ 150 ಪಲ್ಸರಿನ ಹಿಂದಿನ ಟೈರಿನ ಮಗ್ಗಲಿಗೆ ನೋಡು, 100/90-17 ಅಂತ ಇರ್ತದ. 100 ಅಂದ್ರ ಅಗಲ, ಮಿಲಿಮೀಟರಿನ್ಯಾಗ. 90 ಅಂದ್ರ ಆ ಅಗಲದಾಗ ನೂರಕ್ಕ ತೊಂಬತ್ತು ಪಾಲು ಎತ್ತರ. ಆ ಅಗಲಕ್ಕ ತಕ್ಕಂಗ ರಿಮ್ಮಿನ ಅಗಲನೂ ಇರಬೇಕು, ಅಂಗಡ್ಯಾವ್ರು ಬಾಯಿ ಬಿಡಂಗಿಲ್ಲದ್ದು ಇದೇ. 100ರ ಟೈರಿಗೆ ಎರಡೂವರಿ ಇಂಚಿನ ಆಸುಪಾಸು ರಿಮ್ ಸಾಕು. 140/70 ಟೈರಿಗೆ ಕಮ್ಮಿ ಅಂದ್ರೂ ಮೂರೂವರಿ ಇಂಚು ಬೇಕು. ಸಣ್ಣ ರಿಮ್ಮಿಗೆ ದೊಡ್ಡ ಟೈರ್ ಹಾಕಿದ್ರ ಅದರ ಎರಡೂ ತುಟಿ ಒಳಗ ಒತ್ತಿ ಹಿಡದಂಗ ಆಗಿ ನಡು ಉಬ್ಬತದ. ನೋಡಾಕ ಮಾತ್ರ ದಪ್ಪ. ಓಡೋದು ನಡುವಿನ ಉಬ್ಬಿನ ಮ್ಯಾಲ, ಅಂಚು ನೆಲಾ ಮುಟ್ಟೋದು ಅಪರೂಪ. ಮಗ್ಗಲಿಗೆ ಚೈನು, ಹಿಂದಿನ ಗಾಲಿ ಹಿಡ್ಕೊಂಡಿರೋ ಸ್ವಿಂಗ್ ಆರ್ಮ್ ಉಜ್ಜೋದು ಬ್ಯಾರೆ ಕಥಿ.

ಸಣ್ಣಾವ್ರು ಇದ್ದಾಗ ಸೈಕಲ್ಲಿನ ಹಳೇ ಟೈರಿಗೆ ಕಟಗಿ ಹೊಡ್ಕೋತ ಓಣ್ಯಾಗ ಓಡಸ್ತಿದ್ವಲ್ಲ, ನೆನಪದ? ಒಂಚೂರು ಮಗ್ಗಲಾದ್ರ ಸಾಕು, ತಾನೇ ಆ ಕಡಿ ತಿರಗತಿತ್ತು. ಬೈಕೂ ಹಂಗೇ, ವಾಲಿಸಿ ತಿರಗಸ್ತೀವಿ. ಸಣ್ಣ ಟೈರ್ ವಾಲಿದಾಗ ನೆಲಾ ಮುಟ್ಟೋ ಜಾಗ ಹೆಚ್ಚುಕಮ್ಮಿ ನಡುವೇ ಇರ್ತದ. ಅಗಲ ಟೈರಿನ್ಯಾಗ ಆ ಜಾಗ ತಿರುವಿನ ಕಡಿ ಸರೀತದ. ಅದಕ್ಕ ಅದೇ ಸ್ಪೀಡಿನ್ಯಾಗ ಅದೇ ತಿರುವು ತಗೋಬೇಕಂದ್ರ ಗಾಡಿ ಮೊದಲಿಗಿಂತ ಹೆಚ್ಚಿಗಿ ವಾಲಬೇಕು. ಮುಂದ ನಿಂದು 80ರ ಟೈರ್, ಅದು ಲಗೂನ ತಿರಗಾಕ ನೋಡ್ತದ. ಹಿಂದಿಂದು ಒಲ್ಲೆ ಅಂತದ. ನಡುವ ನೀನು.

ಇದು ನನ್ನ ಮೈಮ್ಯಾಲೆ ಆಗಿದ್ದು. ಬೀಜದ ಕಂಪನಿ ಕೆಲಸಕ್ಕ ಸೇರಿದ ಹೊಸದ್ರಾಗ ಒಬ್ಬ ಅಂಗಡ್ಯಾವ "ಅಣ್ಣಾ, ಗ್ರಿಪ್ ಹೆಚ್ಚಾಗ್ತದ" ಅಂದ ಅಂತ 120/80 ಹಾಕಿಸಿದ್ದೆ. ನೆಟ್ಟಗಿನ ರೋಡಿನ್ಯಾಗ ರಾಜನಂಗ ಹೋಗತಿತ್ತು. ಒಂದಿನ ಪೋತ್ನಾಳ ದಾಟಿ ಕಾಲುವಿ ಏರಿ ಮ್ಯಾಲ ಬರಾಕತ್ತಿದ್ದೆ, ದಿನಾ ತಿರಗೋ ತಿರುವೇ ಅದು. ಕೈಗೆ ರೂಢಿ ಇದ್ದಷ್ಟು ವಾಲಿಸಿದೆ, ಗಾಡಿ ಅಷ್ಟು ತಿರಗಲಿಲ್ಲ. ಏರಿ ಇಳದು ಸೀದಾ ಭತ್ತದ ಗದ್ದಿಯೊಳಗ. ಪುಣ್ಯಾಕ ಕಾಲುವಿ ಇನ್ನೊಂದು ಮಗ್ಗಲಿಗಿತ್ತು. ಅವ್ವಗ ಇವತ್ತಿನತನಕ ಹೇಳಿಲ್ಲ, ಈಗ ಗ್ರೂಪಿನ್ಯಾಗ ಕೇಳಾಕತ್ತಾಳ, ಬೈಯಲಿ ಬಿಡು.

ಮಳಿಗಾಲದಾಗ ಅದಕ್ಕಿಂತ ಗೋಳು. ನಮ್ಮದು ಎರಿ ಭೂಮಿ, ಕರೀ ಜಿಗಟು ಮಣ್ಣು, ನಿನಗ ಹೊಸದೇನಲ್ಲ. ಟೈರಿಗೂ ಮಡ್‌ಗಾರ್ಡಿಗೂ ನಡುವ ಸಂದಿ ಕಮ್ಮಿ ಆದ್ರ ಎರಿ ಮಣ್ಣು ಹಿಟ್ಟು ನಾದಿದಂಗ ತುಂಬ್ಕೊಂಡು ಗಾಲಿನೇ ನಿಂದರ್ತದ. ನೂರು ಮಾರಿಗೊಮ್ಮೆ ಇಳದು ಕಟಗಿಲೆ ಕೆದರಿ ಕೆದರಿ ಸಾಕಾಗಿತ್ತು. ಸಣ್ಣ ಟೈರ್ ರಾಡಿ ಸೀಳ್ಕೊಂಡು ಕೆಳಗಿನ ಗಟ್ಟಿ ನೆಲಾ ಹಿಡೀತದ, ಅಗಲಂದು ರಾಡಿ ಮ್ಯಾಲೇ ತೇಲತದ. ನಾಟಿ ಟೈಮಿನ್ಯಾಗ ಕಾರಟಗಿ ರೋಡ್ ಹೆಂಗಿರ್ತದ, ಟ್ರ್ಯಾಕ್ಟರ್ ಗಾಲಿಯಿಂದ ಉದುರಿದ ಕೆಸರು ಡಾಂಬರ್ ಮ್ಯಾಲ ಹಪ್ಪಳದಂಗ ಅಂಟಿರ್ತದ, ಮ್ಯಾಲ ನಾಕು ಹನಿ ಬಿದ್ರ ಸಾಬೂನೇ.

ಗ್ರಿಪ್ಪಿನ ಮಾತಿಗೆ ಬರ್ತೀನಿ. ದಪ್ಪ ಟೈರ್ ಅಂದ್ರ ನೆಲಕ್ಕ ಹೆಚ್ಚು ರಬ್ಬರ್ ಅಂತ ಎಲ್ಲಾರೂ ತಿಳ್ಕೊಂಡಾರ. ಗಾಡಿ ತೂಕ ಅಷ್ಟೇ, ಹವಾ ಅಷ್ಟೇ ಇದ್ರ ನೆಲಾ ಮುಟ್ಟೋ ಜಾಗ ಹೆಚ್ಚುಕಮ್ಮಿ ಅಷ್ಟೇ ಇರ್ತದ. ಉದ್ದ ಕಮ್ಮಿ ಆಗಿ ಅಡ್ಡ ಹೆಚ್ಚಾಗ್ತದ, ಇಷ್ಟೇ ಫರಕು. ಗ್ರಿಪ್ ಬರೋದು ರಬ್ಬರಿನ ಗುಣದಿಂದ, ಹವಾದಿಂದ, ಟೈರಿನ ವಯಸ್ಸಿನಿಂದ.

ಎಫ್‌ಝಡ್‌ಗೆ ಕಂಪನಿಯಿಂದನೇ 140 ಬರ್ತದಲ್ಲ ಅಂತ ನೀ ಅಂತಿ, ಗೊತ್ತದ. 2008ರಾಗ ಯಮಹಾದವ್ರು ಅದನ್ನ ತಂದಾಗ ಹಿಂದ 140/60 ರೇಡಿಯಲ್, ಮುಂದ 100/80 ಕೊಟ್ಟಿದ್ರು. ರಿಮ್ಮು, ಫ್ರೇಮು, ಮುಂದಿನ ಫೋರ್ಕಿನ ಓರೆ, ಎಲ್ಲಾ ಅದಕ್ಕಂತ ಲೆಕ್ಕಾ ಹಾಕಿ ಮಾಡಿದ್ದು. ಬ್ಯಾರೆಯವನ ಅಂಗಿ ಚಂದ ಅದ ಅಂತ ನಾವು ತೊಟ್ಕೊಂಡ್ರ ತೋಳು ಜೋತಾಡ್ತಾವ.

ಇನ್ನ ಎತ್ತರ. ನಿನ್ನ ಟೈರ್ ಪೂರಾ ಸುಮಾರು 612 ಮಿಲಿಮೀಟರ್ ಎತ್ತರ, 140/70 ಹಾಕಿದ್ರ 628. ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗ್ತದ, ಇಂಜಿನ್ನಿಗೆ ಎಳ್ಯಾಕ ಭಾರ, ಪಿಕಪ್ ಸತ್ತಂಗ. ಟೈರಿನ ತೂಕನೂ ಸೇರಿ ಮೈಲೇಜ್ ಇಳೀತದ.

ನಿನಗ ಒಂಚೂರು ದಪ್ಪ ಬೇಕೇ ಬೇಕಂದ್ರ 110/80-17 ಕೇಳು. ಎತ್ತರ 608, ಮೊದಲಿಂದಕ್ಕ ಬರೇ ನಾಕು ಮಿಲಿಮೀಟರ್ ಕಮ್ಮಿ. ಆದ್ರ ರಿಮ್ಮಿನ ಮ್ಯಾಲ ಅಗಲ ಅಚ್ಚಾಗಿರ್ತದ, ಅದನ್ನ ಓದಿ ಆಮ್ಯಾಲ ರೊಕ್ಕ ಕೊಡು. ಟೈರಿನ ಮಗ್ಗಲಿಗೆ ನಾಕು ಅಂಕಿ ಇರ್ತಾವ, ಟೈರ್ ಯಾವಾಗ ತಯಾರಾತು ಅನ್ನೋ ಲೆಕ್ಕ ಅದು, ಮೊದಲಿನೆರಡು ವಾರ, ಕಡೀ ಎರಡು ವರ್ಷ. 2319 ಅಂತಿದ್ರ 2019ರ 23ನೇ ವಾರದ್ದು ಅಂತ. ನಮ್ಮ ರಾಯಚೂರು ಬಿಸಲಿಗೆ ಗೋದಾಮಿನ್ಯಾಗ ಬೆಂದ ಹಳೇ ಮಾಲು ಹೊಳಪು ಹಚ್ಚಿ ಕೊಡ್ತಾರ. ಹವಾ ಮುಂಜಾನೆ ತಣ್ಣಗಿದ್ದಾಗ ನೋಡಿಸು. ಮಧ್ಯಾಹ್ನ ಓಡಿಸಿ ಬಂದು ನೋಡಿದ್ರ ಹೆಚ್ಚಿಗಿ ತೋರಸ್ತದ, ನೀ ಇಳಸ್ತಿ, ಮರುದಿನ ಕಮ್ಮಿ ಆಗಿರ್ತದ. ಕಮ್ಮಿ ಹವಾದಾಗ ಗಾಡಿ ತಿರುವಿನ್ಯಾಗ ಹಾವಿನಂಗ ಆಡ್ತದ. ಹಿಂದ ಅವ್ವನ್ನ ಕುಂದ್ರಿಸ್ಕೊಂಡು, ಟ್ಯಾಂಕಿನ ಮ್ಯಾಲ 45 ಕಿಲೋದ ಯೂರಿಯಾ ಚೀಲ ಇಟ್ಕೊಂಡು ಬರೋ ದಿನಾ ಹಿಂದ ಹೆಚ್ಚಿಗಿ ಹೊಡಸ್ಬೇಕು.

ಏ, ತಡೀ, ಲಾರಿ ಬಂತು... ಹಾಂ, ಹೋತು.

ಹೋದ ವಾರ ಬಂದಾಗ ನಿನ್ನ ಗಾಡಿ ಕಟ್ಟೀಗೆ ಹಚ್ಚಿದ್ದಿ, ಮುಂದಿನ ಟೈರಿನ ಮ್ಯಾಲ ಕೈ ಆಡಿಸಿದೆ. ಗುಂಡಾನ ತಲಿಯಂಗ ನುಣ್ಣಗ ಆಗೇದ. ಬ್ರೇಕ್ ಹಿಡದ್ರ ಗಾಡಿ ತೂಕ ಎಲ್ಲಾ ಮುಂದಕ್ಕ ಬರ್ತದ, ಹ್ಯಾಂಡಲ್ ಹೇಳಿದಂಗ ಕೇಳೋದೂ ಅದೇ. ಅದು ಜಾರಿದ್ರ ಹಿಂದ 140 ಇದ್ರೂ 240 ಇದ್ರೂ ನೀ ಡಾಂಬರ್ ಮ್ಯಾಲ. ಕೂಡಿಸಿಟ್ಟ ರೊಕ್ಕದಾಗ ಮೊದಲು ಮುಂದಿಂದು ತಗೋ, ಅದೇ 80/100-17. ಹೊಸದು ಹಾಕಿಸಿದ ಮ್ಯಾಲ ಮೊದಲ ನೂರು ಕಿಲೋಮೀಟರ್ ಸಾವಕಾಶ ಹೋಗು, ಹೊಸ ರಬ್ಬರ್ ಮ್ಯಾಲ ನುಣುಪು ಇರ್ತದ.

ನಾಳಿ ಗಂಗಾವತಿಗೆ ಹೋಗಬ್ಯಾಡ. ಈಗ ಹೊರಗ ಹೋಗಿ ಒಂದು ಫೋಟೋ ಹೊಡದು ಗ್ರೂಪಿಗೆ ಹಾಕು, ಮಾವನೂ ನೋಡ್ಲಿ. ಹಿಂದಿನ ಗಾಲಿದಲ್ಲ, ಮುಂದಿಂದು.