ಮಗಳು ಜಪಾನಿ ಡ್ಯಾನ್ಸ್ ಹಾಡು ಹಾಡ್ತೀನಿ ಅಂತಾಳೆ, ತಾಳಕ್ಕೆ ಮಾತು ಕೂರ್ತಾ ಇಲ್ಲ. ಗೊತ್ತಿದ್ದವರು ಹೇಳಿ

ಕೀಬೋರ್ಡ್ ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಇಪ್ಪತ್ತೆರಡು ವರ್ಷದಿಂದ ರಸಮಂಜರಿ ತಂಡದಲ್ಲಿ ಕೀಬೋರ್ಡ್ ನುಡಿಸ್ತಾ ಇದೀನಿ. ಗಣಪತಿ ಪೆಂಡಾಲು, ದುರ್ಗಮ್ಮನ ಜಾತ್ರೆ, ಮದುವೆ ಆರತಕ್ಷತೆ, ಎಲ್ಲಿ ಹೋದರೂ ನಾವು ನುಡಿಸೋದು ಬೇರೆಯವರ ಹಾಡನ್ನೇ. ಒಬ್ಬರು ಹಾಡಿದ್ದನ್ನ ಇನ್ನೊಬ್ಬರು ಹಾಡೋದೇ ನನ್ನ ಹೊಟ್ಟೆಪಾಡು. ಹಾಗಾಗಿ ಈ ಪ್ರಶ್ನೆ ನನಗೆ ಸಣ್ಣದಲ್ಲ.

ಮಗಳು ಒಂಬತ್ತನೇ ಕ್ಲಾಸು. ಈ ಸಲ ನಮ್ಮ ಬೀದಿಯ ಗಣಪತಿ ಕಾರ್ಯಕ್ರಮದಲ್ಲಿ ಜಪಾನಿ ಹಾಡು ಹಾಡ್ತೀನಿ ಅಂತ ಕೂತಿದ್ದಾಳೆ. ಯೋಕೊ ಓಗಿನೊಮೆ ಅನ್ನೋ ಗಾಯಕಿ 1985ರಲ್ಲಿ ಹಾಡಿದ 'ಡ್ಯಾನ್ಸಿಂಗ್ ಹೀರೋ'. ಕೆದಕುತ್ತಾ ಹೋದರೆ ಅದೂ ಎರವಲು ಹಾಡೇ. ಅದೇ ವರ್ಷ ಇಂಗ್ಲೆಂಡಿನ ಆ್ಯಂಜಿ ಗೋಲ್ಡ್ ಹಾಡಿದ್ದ 'ಈಟ್ ಯು ಅಪ್' ಟ್ಯೂನಿಗೆ ಜಪಾನಿನವರು ತಮ್ಮ ಮಾತು ಕೂಡಿಸಿಕೊಂಡಿದ್ದಾರೆ. 2017ರಲ್ಲಿ ಒಸಾಕಾದ ತೊಮಿಯೊಕಾ ಹೈಸ್ಕೂಲಿನ ಡ್ಯಾನ್ಸ್ ಕ್ಲಬ್ಬಿನ ಹುಡುಗಿಯರು ಭುಜ ಉಬ್ಬಿದ ಹಳೇ ಕಾಲದ ಕೋಟು ಹಾಕ್ಕೊಂಡು ಅದಕ್ಕೆ ಕುಣಿದರು ನೋಡಿ, ಮೂವತ್ತು ವರ್ಷದ ಹಿಂದಿನ ಹಾಡು ಮತ್ತೆ ಎದ್ದು ನಿಂತಿತು. ನನ್ನ ಮಗಳು ಮನಸೋತಿದ್ದೂ ಆ ಕುಣಿತಕ್ಕೇ.

ನನಗೂ ಆಸೆ ಹುಟ್ಟಿದೆ. ಕಾರಣ ಹೇಳ್ತೀನಿ. ನಮ್ಮ ಪ್ಯಾಡ್ ಬಾರಿಸೋ ಹುಡುಗ ದಿನಾ ಒತ್ತೋ ಆ 'ಧುಂ' ಅನ್ನೋ ಕಿಕ್ಕು, ಚಪ್ಪಾಳೆ, ಟಣಟಣ ಅನ್ನೋ ಕೌಬೆಲ್ಲು, ಎಲ್ಲದರ ಮೇಲೂ 808 ಅಂತ ಇರುತ್ತೆ. ಅದು ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಅನ್ನೋ ರಿದಮ್ ಮೆಷಿನ್ನಿನ ದನಿ. ಅದನ್ನ ಮೊದಮೊದಲು ಸ್ಟೇಜಿಗೆ ಹತ್ತಿಸಿದವರಲ್ಲಿ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ಅನ್ನೋ ಜಪಾನಿ ತಂಡದ ಮೂವರು ಇದ್ದರು: ಹೊಸೊನೊ, ಸಕಾಮೊಟೊ, ತಕಾಹಾಶಿ. ಅವರ 1978ರ ಮೊದಲನೇ ಆಲ್ಬಮ್ಮಿನಲ್ಲೂ ಒಂದು ಕವರ್ ಇದೆ, ಅಂದ್ರೆ ಬೇರೆಯವರ ಹಾಡನ್ನ ತಾವು ನುಡಿಸಿದ್ದು. ಅಮೆರಿಕದ ಮಾರ್ಟಿನ್ ಡೆನ್ನಿ ಏಷ್ಯಾ ಅಂದ್ರೆ ಹೀಗೆ ಕೇಳಿಸಬಹುದು ಅಂತ ಊಹಿಸಿ ಕಟ್ಟಿದ 'ಫೈರ್‌ಕ್ರ್ಯಾಕರ್' ಅನ್ನು ಇವರು ಸಿಂಥಸೈಜರಿನಲ್ಲಿ ನುಡಿಸಿ ಮನೆಗೆ ವಾಪಸು ತಂದರು. ಇಷ್ಟು ವರ್ಷ ಅವರ ದನಿಯಲ್ಲೇ ಅನ್ನ ತಿಂದಿದ್ದೀನಿ. ಅವರ ಕಡೆಯ ಒಂದು ಹಾಡನ್ನಾದರೂ ಮರ್ಯಾದೆಯಿಂದ ನುಡಿಸಬೇಕು ಅನಿಸಿದೆ.

ತೊಂದರೆ ಇಲ್ಲಿದೆ. ಇಂಗ್ಲಿಷ್ ಅಕ್ಷರದಲ್ಲಿದ್ದ ಸಾಹಿತ್ಯ ನೋಡಿ ಮಗಳು ಕನ್ನಡದಲ್ಲಿ ಬರ್ಕೊಂಡಿದ್ದಾಳೆ. ಸ್ವರ ಸರಿ ಇದೆ, ಶ್ರುತಿ ಸರಿ ಇದೆ, ಆದರೆ ಸಾಲಿನ ಕೊನೆಗೆ ಪ್ರತಿ ಸಲ ಅರ್ಧ ಬೀಟು ಮುಂಚೆ ಬಂದು ಬೀಳ್ತಾಳೆ. ಎಷ್ಟು ನಿಧಾನ ಮಾಡಿದರೂ ಅದೇ ಕತೆ. ಇನ್ನು ಕಮಿಟಿಯವರು, 'ಅರ್ಥ ಆಗದ ಹಾಡಿಗೆ ಜನ ಎದ್ದು ಹೋಗ್ತಾರೆ, ಕನ್ನಡದಲ್ಲಿ ಬರೀರಿ' ಅಂತಾರೆ. ತಮಟೆ ಇಲ್ಲದೆ ನಮ್ಮೂರಲ್ಲಿ ಯಾರೂ ಕುಣಿಯಲ್ಲ ಅನ್ನೋದೂ ನಿಜ. ಏನು ಮಾಡಲಿ?

ಹರಿಹರದ ಬೇಸ್ ಬಾಕ್ಸ್:

ಅಣ್ಣಾ, ತಮಟೆ ವಿಷಯ ನಾನು ಹೇಳ್ತೀನಿ. ನಾನು ಮೆರವಣಿಗೆಗೆ ಸೌಂಡ್ ಕಟ್ಟೋನು. ಯೂರೋಬೀಟ್ ಅಂತ ಒಂದು ಜಾತಿ ಐತೆ. ಮಾಡಿದವರು ಬಹಳಷ್ಟು ಇಟಲಿಯವರು, ತಲೆ ಮೇಲೆ ಹೊತ್ತು ಮೆರೆಸಿದವರು ಜಪಾನಿನವರು. 1990ರಿಂದ ಏವೆಕ್ಸ್ ಕಂಪನಿ ಅದರ ಸರಣಿನೇ ತಂತು. ಕ್ಲಬ್ಬುಗಳಲ್ಲಿ ಸಾಲಾಗಿ ನಿಂತು ಕೈಯಲ್ಲೇ ಕುಣಿಯೋ 'ಪಾರಾಪಾರಾ' ಬಂದಿದ್ದೂ ಈ ಹಾಡುಗಳ ಜೊತೇಲೇ. ಕಾರ್ ರೇಸಿನ ಕಾರ್ಟೂನ್ 'ಇನಿಷಿಯಲ್ ಡಿ' 1998ರಲ್ಲಿ ಬಂದ ಮೇಲೆ ಲೋಕಕ್ಕೆಲ್ಲ ಗೊತ್ತಾಯ್ತು. ನಿಮಿಷಕ್ಕೆ 150 ಬೀಟಿನ ಮೇಲೆ ಓಡುತ್ತೆ ಅದು. ಎರಡು ಸಲ ಮೆರವಣಿಗೇಲಿ ಹಾಕಿದೀನಿ, ಜನ ಮೊದಲ ನಿಮಿಷ ಸುಮ್ನೆ ನಿಂತ್ಕೊಂಡು ನೋಡಿದರು, ಆಮೇಲೆ ಕಾಲು ಎತ್ತಿದರು.

ನೀವು ಕಿಕ್ ಮುಟ್ಟಬೇಡಿ. ಒಂದು ಎರಡು ಮೂರು ನಾಲ್ಕು, ಹಾಗೇ ಬಿಡಿ. ಮಧ್ಯದ ಮ್ಯೂಸಿಕ್ಕಿನಲ್ಲಿ ತಮಟೆಯವರನ್ನ ಒಳಗೆ ತನ್ನಿ. ಒಂದೊಂದು ಕಿಕ್ಕಿನ ಮೇಲೂ ಅವರು 'ತಕಿಟ' ಅಂತ ಮೂರು ಮೂರು ಬಿಟ್ಟುಕೊಂಡು ಹೋಗಲಿ. ಕಿಕ್ ಅವರದ್ದು, ತಕಿಟ ನಮ್ಮದು, ಎರಡೂ ಒಂದೇ ಜಾಗದಲ್ಲಿ ಬೀಳುತ್ತೆ. ಆ ವೇಗಕ್ಕೆ ಕೈ ಸೋತರೆ ಮೂರರಲ್ಲಿ ಮೊದಲನೇದು, ಕೊನೇದು ಮಾತ್ರ ಹೊಡೀಲಿ, ನಡು ಬಿಡಲಿ. ಅದೇ ಒಂದು ಕುಲುಕು ಕೊಡುತ್ತೆ. ಮಗು ಹಾಡುವಾಗ ಮಾತ್ರ ತಮಟೆ ಬೇಡ. ಪೆಂಡಾಲಿನಲ್ಲಿ ಮೈಕಿಗೆ ಎಲ್ಲಾ ನುಗ್ಗಿ ಅವಳ ದನಿ ಮುಚ್ಚಿ ಹೋಗುತ್ತೆ.

ಜೋಗಿಮಟ್ಟಿ ಗಾಳಿ:

ಅಣ್ಣ, ನಾನು ಚಿತ್ರದುರ್ಗದವಳು. ಮೂರು ವರ್ಷದಿಂದ ಜಪಾನಿ ಕಲೀತಾ ಇದೀನಿ. ನಿಮ್ಮ ಮಗಳ ಅರ್ಧ ಬೀಟು ಎಲ್ಲಿ ಕಳೆದು ಹೋಗ್ತಿದೆ ಅಂತ ನನಗೆ ಗೊತ್ತು, ನಾನೂ ಅಲ್ಲೇ ಬಿದ್ದವಳು.

ಅವಳು ಓದ್ತಾ ಇರೋದು ಇಂಗ್ಲಿಷ್ ಅಕ್ಷರ. ಅದರಲ್ಲಿ ಎಷ್ಟೋ ಕಡೆ ದೀರ್ಘ ಉದುರಿ ಹೋಗಿರುತ್ತೆ. ಜಪಾನಿಯಲ್ಲಿ ಅಳತೆ ಹಿಡಿಯೋದು ನಮ್ಮ ಛಂದಸ್ಸಿನ ಹಾಗೇ, ಮಾತ್ರೆಯಲ್ಲಿ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕ್ತಿದ್ವಲ್ಲ, ಲಘುವಿಗೆ ಒಂದು, ಗುರುವಿಗೆ ಎರಡು, ಅದನ್ನೇ ಇಲ್ಲಿ ಹಾಕಿ ನೋಡಿ. 'ನಿಪ್ಪೊನ್' ಅನ್ನೋದು ಅವರಿಗೆ ನಾಲ್ಕು ಎಣಿಕೆ: ನಿ, ಪ್, ಪೊ, ನ್. ನಮ್ಮ ಲೆಕ್ಕದಲ್ಲಿ ಒತ್ತಕ್ಷರದ ಹಿಂದಿನ 'ನಿ' ಗುರು, 'ಪೊನ್' ಗುರು, ಎರಡೂ ಸೇರಿ ನಾಲ್ಕೇ. 'ತೋಕ್ಯೋ' ಕೂಡ ಎರಡು ಗುರು, ನಾಲ್ಕು ಮಾತ್ರೆ. ನಿಮ್ಮ ಹಾಡಿನ ಹೆಸರನ್ನೇ ತಗೊಳ್ಳಿ. ಅವರು ಅದನ್ನ 'ದನ್‌ಶಿಂಗು ಹೀರೋ' ಅಂತಾರೆ. ದನ್ ಎರಡು, ಶಿಂ ಎರಡು, ಗು ಒಂದು, ಹೀ ಎರಡು, ರೋ ಎರಡು. ಒಂಬತ್ತು. ಅವಳು ಇಂಗ್ಲಿಷಿನ ಹಾಗೆ 'ಡ್ಯಾನ್ಸಿಂಗ್' ಅಂತ ಒತ್ತಿ ನುಂಗಿದರೆ ಕೊನೆಯ 'ಗು' ಹಾರಿ ಹೋಯ್ತು, ಕಾಲ ಅಲ್ಲೇ ಸೋರಿತು.

ಇದನ್ನ ಕಂಡುಕೊಂಡ ದಿನ ನಾನು ಬಸ್ಸಿನಲ್ಲಿ ಮೆದೇಹಳ್ಳಿ ರಸ್ತೆ ದಾಟುವವರೆಗೂ ಬೆರಳು ಮಡಚಿ ಎಣಿಸ್ತಾನೇ ಇದ್ದೆ. ದೀರ್ಘ ಎಳೆಯೋದು, ಒತ್ತು ಕೊಡೋದು, ಎರಡೂ ನಮ್ಮ ನಾಲಿಗೆಗೆ ಹುಟ್ಟಿನಿಂದ ಬಂದಿವೆ. ಜಪಾನಿಯಲ್ಲಿ 'ಕಿತೆ' ಅಂದ್ರೆ 'ಬಂದು', 'ಕಿತ್ತೆ' ಅಂದ್ರೆ ಅಂಚೆಚೀಟಿ. ಕನ್ನಡದವರು ಇವೆರಡನ್ನ ಕಲಸೋದೇ ಇಲ್ಲ.

ಒಂದು ಎಚ್ಚರ: 'ನ್' ಅವರಿಗೆ ಪೂರ್ತಿ ಒಂದು ಎಣಿಕೆ. ಹಾಡಿನಲ್ಲಿ ಅದಕ್ಕೇ ಬೇರೆ ಸ್ವರ ಬರೋದುಂಟು. ಅಲ್ಲಿ ಗುರುವನ್ನ ಮುರಿದು ಎರಡು ಸ್ವರಕ್ಕೆ ಹಂಚಬೇಕು. ಆದಷ್ಟು ಬೇಗ ಅವಳಿಗೆ ಹಿರಗಾನ ಅನ್ನೋ ಜಪಾನಿ ಲಿಪಿ ಕಲಿಸಿ, ಮೂಲ ಅಕ್ಷರ ನಲವತ್ತಾರೇ ಇರೋದು. ಅದರ ಕ್ರಮ ನೋಡಿದರೆ ಖುಷಿಯಾಗ್ತಾಳೆ: ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಬೌದ್ಧ ಭಿಕ್ಷುಗಳ ಸಂಸ್ಕೃತದ ಓದಿನಿಂದ ಬಂದ ವರಸೆ ಅದು.

ಕಮಿಟಿಯವರಿಗೆ ಇದನ್ನೂ ಹೇಳಿ. ಜಪಾನಿನ ಐಚಿ, ಗಿಫು ಕಡೆ ಬೋನ್ ಹಬ್ಬದಲ್ಲಿ ಇದೇ ಹಾಡಿಗೆ ಕುಣೀತಾರೆ. ಬೋನ್ ಅಂದ್ರೆ ತೀರಿಕೊಂಡ ಹಿರಿಯರು ಮನೆಗೆ ಬಂದು ಹೋಗೋ ಕಾಲ. ನಡುವೆ ಮರದ ಅಟ್ಟ ಕಟ್ಟಿ ಸುತ್ತ ಜನ ಕುಣೀತಾರೆ, ಅಜ್ಜಿಯರಿಂದ ಮಕ್ಕಳವರೆಗೆ. ಇಂಗ್ಲೆಂಡಿನ ಡಿಸ್ಕೋ ಟ್ಯೂನು ಅಲ್ಲಿ ಹಬ್ಬದ ಹಾಡಾಗಿದೆ. ನಮ್ಮ ಗಣಪನ ಮುಂದೆ ಯಾಕೆ ಆಗಬಾರದು?

ಮಂಡಿಪೇಟೆ ಹಳಬ:

ನಾನು ಕಮಿಟಿಯವರ ಪರ. 1979ರಲ್ಲಿ ಜಪಾನಿನ ಗಾಯಕ ಹಿದೆಕಿ ಸೈಜೊ ಅಮೆರಿಕದ 'ವೈಎಂಸಿಎ' ಹಾಡು ತಗೊಂಡು ಜಪಾನಿ ಮಾತು ಹಾಕಿಸಿ ಹಾಡಿದರು. 1988ರಲ್ಲಿ ವಿಂಕ್ ಅನ್ನೋ ಇಬ್ಬರು ಹುಡುಗಿಯರು ಆಸ್ಟ್ರೇಲಿಯಾದ ಗಾಯಕಿ ಕೈಲಿ ಮಿನೋಗ್ ಅವರ ಹಾಡಿಗೂ ಹಾಗೇ ಮಾಡಿದರು. ತಮ್ಮ ಜನಕ್ಕೆ ತಮ್ಮ ಭಾಷೆಯಲ್ಲಿ ಮುಟ್ಟಿಸಿದ್ದಕ್ಕೇ ಅವು ನಿಂತವು. ಅವರ ದಾರಿ ಹಿಡಿಯೋದಾದರೆ ನೀವು ಕನ್ನಡದಲ್ಲೇ ಹಾಡಬೇಕು.

ಒಂದು ಮಾತ್ರ ನೆನಪಿಡಿ. ಕನ್ನಡ ಮಾತು ಹಾಕಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಬಿಡೋದಾದರೆ ಹಕ್ಕುದಾರರ ಒಪ್ಪಿಗೆ ಬೇಕು. ನಮ್ಮ ಕಾಪಿರೈಟ್ ಕಾಯ್ದೆಯ 31ಸಿ ಕಲಮು ಮೊದಲ ರೆಕಾರ್ಡಿನ ವರ್ಷ ಮುಗಿದು ಐದು ವರ್ಷ ಆದ ಮೇಲೆ ರಾಯಲ್ಟಿ ಕಟ್ಟಿ ಕವರ್ ಮಾಡೋಕೆ ದಾರಿ ಕೊಟ್ಟಿದೆ, ನಿಜ. ಆದರೆ ಕೃತಿಯನ್ನ ಬದಲಿಸೋಕೆ ಅದು ಬಿಡಲ್ಲ.

ಕೀಬೋರ್ಡ್ ದಾವಣಗೆರೆ:

ಮೂವರಿಗೂ ಕೈಮುಗಿದೆ. ನಿನ್ನೆ ರಾತ್ರಿ ಊಟ ಆದ ಮೇಲೆ ನಾನು, ಮಗಳು ಲೆಕ್ಕದ ನೋಟ್‌ಬುಕ್ ಹಿಡ್ಕೊಂಡು ಕೂತ್ವಿ. ಹಾಡು ಪೂರ್ತಿ ಕೇಳಿ ಕೇಳಿ ದೀರ್ಘ ತುಂಬಿದ್ವಿ, ಮೇಲೆ ಪ್ರಸ್ತಾರ ಹಾಕಿದ್ವಿ. ಪರೀಕ್ಷೆಗೆ ಅಂತ ಅವಳು ಇದನ್ನ ಈ ವರ್ಷ ಕಲಿತಿದ್ದಾಳೆ, ನನ್ನದು ಮರೆತೇ ಹೋಗಿತ್ತು, ಅವಳೇ ನನಗೆ ತಿದ್ದಿದಳು. ಒಂದು ಗಂಟೆಗೆ ಬರೀ ಮಾತು ಹೇಳ್ತಾ ಚಪ್ಪಾಳೆ ತಟ್ಟಿದ್ವಿ. ಆಮೇಲೆ ಕಿಕ್ ಹಾಕಿದೆ. ಸಾಲಿನ ಕೊನೆ ಬೀಟಿನ ಮೇಲೇ ಬಂದು ಕೂತಿತು. ಅವಳು ಹಾಡು ನಿಲ್ಲಿಸಿ ನನ್ನ ಮುಖ ನೋಡಿದಳು, ನಾನು ಕೀ ಮೇಲಿಂದ ಕೈ ತೆಗೀಲಿಲ್ಲ, 'ಮುಂದೆ ಹಾಡು' ಅಂದೆ.

ಹಳಬರೇ, ನಿಮ್ಮ ಮಾತು ತೂಕದ್ದೇ. ಕನ್ನಡದಲ್ಲಿ ಎರಡು ಸಾಲು ಬರೆದು ನೋಡಿದೆ. ಟ್ಯೂನಿಗೆ ಕೂತಿತು. ಆದರೆ ಮಗಳು ಒಪ್ಪಲಿಲ್ಲ: 'ಅಪ್ಪಾ, ಆ ಅಕ್ಕಂದಿರು ಕುಣಿದಿದ್ದು ಈ ಮಾತಿಗೆ' ಅಂದಳು. ಅವಳ ಸ್ಟೇಜು, ಅವಳ ಹಠ, ನಾನು ಬಿಟ್ಟುಕೊಟ್ಟೆ. ಹಾಡಿಗೆ ಮುಂಚೆ ಕನ್ನಡದಲ್ಲಿ ಅರ್ಥ ಹೇಳಿಸ್ತೀನಿ. ಅದಕ್ಕೆ ಕಮಿಟಿಯವರು ತಲೆ ಆಡಿಸಿದ್ದಾರೆ. ತಮಟೆಯವರು ಭಾನುವಾರ ಬರ್ತಾರೆ, ಮೊದಲನೇದು ಕೊನೇದು ಹೊಡೆಯೋ ವರಸೆಯಿಂದಲೇ ಶುರು ಮಾಡ್ತೀವಿ.

ಜೋಗಿಮಟ್ಟಿ ತಂಗೀ, ಒಂದೇ ಅನುಮಾನ ಉಳಿದಿದೆ. 'ದೆಸು' ಅನ್ನೋ ಕಡೆ ಅವರು ಮಾತಾಡುವಾಗ 'ದೆಸ್' ಅಂತ ನುಂಗ್ತಾರಲ್ಲ, ಅದು ಎರಡೋ ಒಂದೋ?

ಜೋಗಿಮಟ್ಟಿ ಗಾಳಿ:

ಎರಡೇ ಅಣ್ಣ. 'ಉ'ಕಾರದ ದನಿ ಮಾತ್ರ ಹೋಗುತ್ತೆ, ಅದರ ಕಾಲ ಹೋಗಲ್ಲ. ಹಾಡುವಾಗ ಸ್ವರ ಬಿದ್ದರೆ ತುಂಬಾ ಸಲ ಪೂರ್ತಿ 'ಸು' ಅಂತಲೇ ಬಿಡ್ತಾರೆ, ರೆಕಾರ್ಡ್ ಕೇಳಿ ಹಾಗೇ ಮಾಡಿಸಿ. ಕಾರ್ಯಕ್ರಮ ಯಾವತ್ತು ಅಂತ ಇಲ್ಲೇ ಹಾಕಿ. ದುರ್ಗದಿಂದ ಬಸ್ಸಿಗೆ ಒಂದೂವರೆ ಗಂಟೆ, ನಾನು ಮುಂದಿನ ಸಾಲಿನಲ್ಲೇ ಕೂರ್ತೀನಿ.