ಕಂಪನಿಯ ರಿಜಿಸ್ಟರ್ಡ್ ಆಫೀಸು ಶಿರಸಿಯಿಂದ ದುಬೈಗೆ ಹೋಗುತ್ತಾ?

ಪ್ರಶ್ನೆ (ಶಿರಸಿಯಿಂದ): ನಮಸ್ಕಾರ ಸರ್. ನಮ್ಮದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ. ಕಾಳುಮೆಣಸು, ಒಣಗಿಸಿದ ಮುರುಗಲು ಸಿಪ್ಪೆ ಎಕ್ಸ್‌ಪೋರ್ಟ್ ಮಾಡುತ್ತೇವೆ. ನಾನು, ಹೆಂಡತಿ ಇಬ್ಬರೇ ಡೈರೆಕ್ಟರುಗಳು. ಮಾಲು ಜಾಸ್ತಿ ಹೋಗುವುದು ದುಬೈಗೆ. ಅಲ್ಲಿರುವ ಭಾವ ಒಂದೇ ಸಮನೆ ಹೇಳುತ್ತಿದ್ದಾನೆ, "ರಿಜಿಸ್ಟರ್ಡ್ ಆಫೀಸನ್ನೇ ಇಲ್ಲಿಗೆ ತಂದುಬಿಡು, ಇಲ್ಲಿ ಟ್ಯಾಕ್ಸೇ ಇಲ್ಲ" ಅಂತ. ಒಂದು ಠರಾವು ಮಾಡಿ ವಿಳಾಸ ಬದಲಿಸಿದರೆ ಸಾಕಾ?

ಉತ್ತರ (ಕಂಪನಿ ಸೆಕ್ರೆಟರಿ, ಕಾರವಾರ): ಆಗಲ್ಲ ಮಾರಾಯ್ರೆ. ರಿಜಿಸ್ಟರ್ಡ್ ಆಫೀಸು ಅಂದರೆ ಸರ್ಕಾರದ ದಾಖಲೆಯಲ್ಲಿರುವ ಕಂಪನಿಯ ವಿಳಾಸ. ಶಿರಸಿ ಊರೊಳಗೇ ಬೇರೆ ಬೀದಿಗೆ ಹೋಗುವುದಾದರೆ ಠರಾವು ಮಾಡಿ, 30 ದಿನದೊಳಗೆ ಐಎನ್‌ಸಿ-22 ಫಾರಂ ಹಾಕಿದರೆ ಮುಗಿಯಿತು. ದೇಶದ ಹೊರಗೆ ಹೋಗಲು ಫಾರಂ ಇಲ್ಲವೇ ಇಲ್ಲ. 2013ರ ಕಂಪನಿ ಕಾಯ್ದೆಯಲ್ಲಿ ರಿಜಿಸ್ಟರ್ಡ್ ಆಫೀಸು ಬದಲಿಸುವ ದಾರಿಗಳೆಲ್ಲ ಭಾರತದ ಒಳಗಿನವು. ಕೆಲವು ದೇಶಗಳಲ್ಲಿ ಕಂಪನಿ ಹಳೆಯ ಹೆಸರು, ಹಳೆಯ ಸಾಲದ ಸಮೇತ ಗಡಿ ದಾಟಬಹುದು. ಸಿಂಗಾಪುರ 2017ರಿಂದ ಹೊರಗಿನ ಕಂಪನಿಗಳನ್ನು ಹಾಗೆ ಒಳಗೆ ಬಿಟ್ಟುಕೊಳ್ಳುತ್ತಿದೆ. ಆದರೆ ಬಿಡುವ ದೇಶದ ಕಾನೂನೂ ಒಪ್ಪಬೇಕಲ್ವಾ? ನಮ್ಮದು ಒಪ್ಪಲ್ಲ.

ಇರುವ ದಾರಿ ವಿಲೀನ. ಭಾರತದ ಕಂಪನಿಯನ್ನು ಹೊರದೇಶದ ಕಂಪನಿಯೊಳಗೆ ಸೇರಿಸಲು 2017ರಿಂದ ಅವಕಾಶ ಇದೆ, ಅದೂ ನಿಯಮ ಒಪ್ಪಿದ ದೇಶಗಳಿಗೆ ಮಾತ್ರ. ಕಂಪನಿ ಟ್ರಿಬ್ಯೂನಲ್ ಒಪ್ಪಬೇಕು, ರಿಸರ್ವ್ ಬ್ಯಾಂಕಿನ ನಿಯಮ ಪಾಲಿಸಬೇಕು. ಮೇಲಾಗಿ, ಇಲ್ಲಿನ ಎರಡು ಕಂಪನಿ ಒಂದಾದಾಗ ಸಿಗುವ ಬಂಡವಾಳ ಲಾಭದ ತೆರಿಗೆ ವಿನಾಯಿತಿ ಈ ಥರದ ವಿಲೀನಕ್ಕೆ ಸಿಗಲ್ಲ. ಉಳಿಯುವ ಕಂಪನಿ ಭಾರತದ್ದೇ ಆಗಿದ್ದರೆ ಮಾತ್ರ ಆ ವಿನಾಯಿತಿ. ನಿಮ್ಮ ಗಾತ್ರದವರಿಗೆ ಇದು ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ಇನ್ನು ಭಾವನ ಮಾತು. ಯುಎಇಯಲ್ಲಿ 2023ರ ಜೂನ್‌ನಿಂದ ಕಂಪನಿ ತೆರಿಗೆ ಬಂದಿದೆ. 3,75,000 ದಿರ್ಹಮ್ ದಾಟಿದ ಲಾಭಕ್ಕೆ 9 ಪರ್ಸೆಂಟ್. ಅವರು ಹಳೆಯ ಕಾಲದ ಲೆಕ್ಕ ಹೇಳುತ್ತಿದ್ದಾರೆ. ಭಾರತದಲ್ಲಿ ಹುಟ್ಟಿದ ಕಂಪನಿ ಇಲ್ಲಿನ ಆದಾಯ ತೆರಿಗೆಗೆ ಯಾವತ್ತೂ ಇಲ್ಲಿನದ್ದೇ. ನೀವಿಬ್ಬರೂ ದುಬೈನಲ್ಲಿ ಕೂತು ಮೀಟಿಂಗ್ ಮಾಡಿದರೂ ಅದು ಬದಲಾಗಲ್ಲ. ಒಬ್ಬ ಡೈರೆಕ್ಟರಾದರೂ ವರ್ಷಕ್ಕೆ 182 ದಿನ ಇಲ್ಲಿರಬೇಕು ಅನ್ನುವುದು ಬೇರೆ.

ಪ್ರಶ್ನೆ (ಅವರೇ): ಹಾಗಾದರೆ ನಾವು ಏನು ಮಾಡಬೇಕು ಸರ್?

ಉತ್ತರ: ಶಿರಸಿಯ ಕಂಪನಿ ಇದ್ದಲ್ಲೇ ಇರಲಿ. ದುಬೈನಲ್ಲಿ ಗೋದಾಮು, ಬಿಲ್ಲಿಂಗ್ ನಿಜಕ್ಕೂ ಬೇಕಿದ್ದರೆ ಅಲ್ಲೊಂದು ಹೊಸ ಕಂಪನಿ ಮಾಡಿ, ಅದರ ಷೇರನ್ನು ಇಲ್ಲಿನ ಕಂಪನಿಯ ಹೆಸರಲ್ಲಿ ತೆಗೆದುಕೊಳ್ಳಿ. 2022ರ ಹೊರದೇಶದ ಹೂಡಿಕೆ ನಿಯಮದ ಪ್ರಕಾರ ಕಂಪನಿ ತನ್ನ ನೆಟ್‌ವರ್ತ್‌ನ (ಆಸ್ತಿಯಲ್ಲಿ ಸಾಲ ಕಳೆದು ಉಳಿದ ಮೊತ್ತದ) ನಾಲ್ಕು ಪಟ್ಟಿನವರೆಗೆ ಹಾಕಬಹುದು. ನಿಮ್ಮ ಬ್ಯಾಂಕಿನ ಮೂಲಕವೇ ಆಗುತ್ತದೆ.

ಒಂದು ಎಚ್ಚರ. ನನ್ನ ಹತ್ತಿರ ಬಂದ ಒಬ್ಬರು ಅವಸರಕ್ಕೆ ಸ್ವಂತ ಖಾತೆಯಿಂದ ದುಡ್ಡು ಕಳಿಸಿಬಿಟ್ಟಿದ್ದರು. ಕಾರಣದ ಕಾಲಮ್ಮಿನಲ್ಲಿ "ಮನೆ ಖರ್ಚಿಗೆ" ಅಂತ ಟಿಕ್. ಅದನ್ನು ಸರಿಪಡಿಸುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ಮೊದಲು ಎಫ್‌ಸಿ ಫಾರಂ (ಹೊರದೇಶದ ಹೂಡಿಕೆಯದು) ಬ್ಯಾಂಕಿಗೆ ಕೊಟ್ಟು, ಆ ಹೂಡಿಕೆಗೆ ರಿಸರ್ವ್ ಬ್ಯಾಂಕ್ ಕೊಡುವ ಯುಐಎನ್ ನಂಬರ್ ತೆಗೆದುಕೊಳ್ಳಿ, ದುಡ್ಡು ಆಮೇಲೆ. ನಂತರ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ವರದಿ ಕೊಡಬೇಕು. ಇಲ್ಲಿಂದ ಅಲ್ಲಿಗೆ ಮೆಣಸು ಮಾರುವಾಗ ಪೇಟೆ ದರವನ್ನೇ ಹಾಕಿ. ಸುಮ್ನೆ ಕಡಿಮೆ ದರ ಹಾಕಿ ಲಾಭವನ್ನೆಲ್ಲ ಅಲ್ಲಿ ತೋರಿಸಿದರೆ ತೆರಿಗೆಯವರು ಕೇಳದೇ ಬಿಡಲ್ಲ.

ಪ್ರಶ್ನೆ (ಭಟ್ಕಳದಿಂದ): ನನ್ನದು ಉಲ್ಟಾ ಸರ್. ಕಂಪನಿ ಅಲ್ಲಿದೆ, ಇಲ್ಲಿಗೆ ತರಬೇಕು.

ಉತ್ತರ: ಅದಕ್ಕೂ ನೇರ ದಾರಿ ಇಲ್ಲ, ವಿಲೀನವೇ. ಷೇರು ವಹಿವಾಟಿನ ಆ್ಯಪ್ ನಡೆಸುವ ಗ್ರೋ ಕಂಪನಿ 2024ರಲ್ಲಿ ಅಮೆರಿಕದ ತನ್ನ ತಾಯಿ ಕಂಪನಿಯನ್ನು ಇಲ್ಲಿನ ಕಂಪನಿಗೆ ಸೇರಿಸಿದ್ದು ಹೀಗೇ. ಅದಕ್ಕೆ ಅಲ್ಲಿ ಕಟ್ಟಿದ ತೆರಿಗೆಯೇ ಸಾವಿರ ಕೋಟಿ ದಾಟಿತ್ತು. ನಿಮ್ಮದು ಬರೀ ಟ್ರೇಡಿಂಗ್ ಆಗಿದ್ದರೆ ಇಲ್ಲಿ ಹೊಸತು ಶುರು ಮಾಡಿ, ಅಲ್ಲಿನದನ್ನು ಲೆಕ್ಕ ಮುಗಿಸಿ ಮುಚ್ಚುವುದೇ ಅಗ್ಗ.

ಪ್ರಶ್ನೆ (ಸದಾಶಿವಗಡದಿಂದ): ನಮಗೆ ದುಬೈ ಬೇಡ, ಗೋವಾದ ಕಾಣಕೋಣ ಸಾಕು. ಅರ್ಧ ತಾಸಿನ ದಾರಿ. ಅದಾದರೂ ಸುಲಭವಾ?

ಉತ್ತರ: ಆಗುತ್ತದೆ, ಆದರೆ ಅರ್ಧ ತಾಸಿನಲ್ಲಲ್ಲ! ಮಾಜಾಳಿ ಚೆಕ್‌ಪೋಸ್ಟ್ ದಾಟಿದರೆ ರಾಜ್ಯ ಬದಲಾಯಿತು. ವಿಶೇಷ ಠರಾವು ಬೇಕು, ಕೇಂದ್ರ ಸರ್ಕಾರದ ಅಧಿಕಾರಿಯಾದ ರೀಜನಲ್ ಡೈರೆಕ್ಟರ್ ಒಪ್ಪಿಗೆ ಬೇಕು. ಒಂದು ಇಂಗ್ಲಿಷ್ ಪೇಪರಿನಲ್ಲಿ, ಒಂದು ಕನ್ನಡ ಪೇಪರಿನಲ್ಲಿ ಜಾಹೀರಾತು ಕೊಡಬೇಕು. ಸಾಲ ಕೊಟ್ಟವರಿಗೆಲ್ಲ ನೋಟಿಸು, ರಾಜ್ಯದ ಮುಖ್ಯ ಕಾರ್ಯದರ್ಶಿಗೂ ಒಂದು ಪ್ರತಿ. ಆಫೀಸು ಸ್ಥಳಾಂತರದ ಕಾರಣಕ್ಕೆ ಯಾವ ಕೆಲಸಗಾರರನ್ನೂ ತೆಗೆಯುವುದಿಲ್ಲ ಅಂತ ಡೈರೆಕ್ಟರುಗಳು ಅಫಿಡವಿಟ್ ಕೊಡಬೇಕು. ಅದನ್ನು ಓದದೇ ಸಹಿ ಹಾಕುವವರೇ ಜಾಸ್ತಿ.

ಎಲ್ಲ ಮುಗಿದ ಮೇಲೆ ನಿಮ್ಮ 21 ಅಕ್ಷರದ ಸಿಐಎನ್ (ಕಂಪನಿಯ ನೋಂದಣಿ ಸಂಖ್ಯೆ) ನೋಡಿ. ಏಳು, ಎಂಟನೇ ಜಾಗದಲ್ಲಿರುವ ಕೆಎ ಹೋಗಿ ಜಿಎ ಬಂದಿರುತ್ತದೆ. ಲೆಟರ್‌ಹೆಡ್, ಬಿಲ್ ಪುಸ್ತಕ ಹೊಸತು ಹೊಡೆಸಿ. ಗೋವಾದ ಜಿಎಸ್‌ಟಿ ನಂಬರ್ ಬೇರೆಯೇ ತೆಗೆಯಬೇಕು.

ಪ್ರಶ್ನೆ (ಸದಾಶಿವಗಡದಿಂದ): ಬೋರ್ಡು ಕನ್ನಡದ್ದೇ ಇಟ್ಟರೆ?

ಉತ್ತರ: ಇಡಿ, ಯಾರೂ ಬೇಡ ಅನ್ನಲ್ಲ. ಆದರೆ ಆ ಊರಿನವರು ಬಳಸುವ ಭಾಷೆಯಲ್ಲೂ ಹೆಸರು ಇರಲೇಬೇಕು ಅನ್ನುತ್ತದೆ ಕಾಯ್ದೆ. ಅಲ್ಲಿ ಕೊಂಕಣಿ. ಬರೆಸುವವರನ್ನು ಹುಡುಕಲು ನಿಮಗೇನು ಕಷ್ಟ, ಮನೆಯಲ್ಲಿ ಆಡುವುದೂ ಅದೇ ಇರಬೇಕಲ್ವಾ?