ಸ್ಲೈಡರ್ ಎಳೆದರೆ ಮೊಬೈಲ್ ನಿಂತುಬಿಡುತ್ತದೆ: ಫೋಟೋ ಎಫೆಕ್ಟ್‌ಗೆ ನೀವು ಏನು ಬಳಸುತ್ತೀರಿ?

ಪ್ರಶ್ನೆ: ನಮ್ಮದು ಸಣ್ಣ ಫೋಟೋ ಸ್ಟುಡಿಯೋ. ಮದುವೆ ಆಲ್ಬಮ್‌ಗೆ ಫೋಟೋ ಆರಿಸುವಾಗ ಮನೆಯವರೇ ಮೊಬೈಲ್‌ನಲ್ಲಿ ಬ್ರೈಟ್‌ನೆಸ್, ಕಲರ್, ಬ್ಲರ್ ಎಲ್ಲ ಬದಲಿಸಿ ನೋಡಲಿ ಅಂತ ಒಂದು ವೆಬ್ ಪೇಜ್ ಮಾಡಿದ್ದೇನೆ. ಒಂದೊಂದೇ ಪಿಕ್ಸೆಲ್ ತೆಗೆದು ಲೆಕ್ಕ ಹಾಕುವುದು ಜಾವಾಸ್ಕ್ರಿಪ್ಟ್ ಲೂಪ್‌ನಲ್ಲಿ. ಲ್ಯಾಪ್‌ಟಾಪ್‌ನಲ್ಲಿ ಪರವಾಗಿಲ್ಲ, ಮೊಬೈಲ್‌ನಲ್ಲಿ ಸ್ಲೈಡರ್ ಮುಟ್ಟಿದರೆ ಪೇಜ್ ಅಲ್ಲೇ ನಿಲ್ಲುತ್ತದೆ. ಒಳ್ಳೆಯ ಲೈಬ್ರರಿ ಇದ್ದರೆ ಹೇಳಿ. ಬಳಸಿದವರ ಅನುಭವ ಬೇಕು.

ಉತ್ತರ 1

ಸರ್, ನಾನು ಇಂಥದ್ದೇ ಕೆಲಸಕ್ಕೆ ಜಿಎಲ್‌ಎಫ್‌ಎಕ್ಸ್ ಡಾಟ್ ಜೆಎಸ್ (glfx.js) ಅನ್ನೋ ಲೈಬ್ರರಿ ಬಳಸುತ್ತೇನೆ. 2011ರದ್ದು, ಇವಾನ್ ವಾಲೇಸ್ ಬರೆದದ್ದು. ಮುಂದೆ ಡಿಸೈನ್ ಸಾಫ್ಟ್‌ವೇರ್ ಕಂಪನಿ ಫಿಗ್ಮಾ ಶುರು ಮಾಡಿದವರಲ್ಲಿ ಅವರೂ ಒಬ್ಬರು. ಎಂಐಟಿ ಲೈಸೆನ್ಸ್ ಇರುವುದರಿಂದ ಸ್ಟುಡಿಯೋ ಕೆಲಸಕ್ಕೂ ಧಾರಾಳವಾಗಿ ಬಳಸಬಹುದು. ಹಳೆಯದು ಅಂತ ಬಿಡಬೇಡಿ. ನಿಮಗೆ ಬೇಕಾದ ಬ್ರೈಟ್‌ನೆಸ್-ಕಾಂಟ್ರಾಸ್ಟ್, ಹ್ಯೂ, ಸೆಪಿಯಾ, ವಿನ್ಯೆಟ್, ಬ್ಲರ್ ಎಲ್ಲ ಅದರಲ್ಲಿವೆ.

ನಿಮ್ಮ ಪೇಜ್ ಯಾಕೆ ನಿಲ್ಲುತ್ತಿದೆ ನೋಡಿ. 4000×3000 ಅಳತೆಯ ಫೋಟೋ ಅಂದರೆ 1.2 ಕೋಟಿ ಪಿಕ್ಸೆಲ್. ಸ್ಲೈಡರ್ ಸ್ವಲ್ಪ ಜರುಗಿದರೂ ನಿಮ್ಮ ಲೂಪ್ ಅಷ್ಟೂ ಪಿಕ್ಸೆಲ್ ಸುತ್ತಬೇಕು. ಬೆರಳು ಎಲ್ಲಿದೆ ಅಂತ ಗಮನಿಸುವುದೂ ಅದೇ ಥ್ರೆಡ್ (ಕೆಲಸಗಳನ್ನು ಒಂದಾದ ಮೇಲೊಂದು ಮಾಡುವ ಸಾಲು). ಅದಕ್ಕೇ ಸ್ಲೈಡರ್ ಅಲ್ಲೇ ಅಂಟಿಕೊಂಡ ಹಾಗೆ ಆಗುತ್ತದೆ. ಈ ಲೈಬ್ರರಿ ಚಿತ್ರವನ್ನು ಟೆಕ್ಸ್ಚರ್ (ಜಿಪಿಯು ಓದುವ ರೂಪದ ಚಿತ್ರ) ಮಾಡಿ, ಬ್ರೌಸರ್‌ನ ವೆಬ್‌ಜಿಎಲ್ ಮೂಲಕ ಜಿಪಿಯುಗೆ, ಅಂದರೆ ಗ್ರಾಫಿಕ್ಸ್ ಚಿಪ್‌ಗೆ ಕಳಿಸುತ್ತದೆ. ಅಲ್ಲಿ ಎಷ್ಟೋ ಪಿಕ್ಸೆಲ್‌ಗಳ ಲೆಕ್ಕ ಒಟ್ಟಿಗೆ ನಡೆಯುತ್ತದೆ.

ಬರೆದ ರೀತಿಯೂ ಚೆನ್ನಾಗಿದೆ. ಟ್ರಯಾಂಗಲ್ ಬ್ಲರ್ ಕೋಡ್ ತೆರೆದು ನೋಡಿ. ಅಡ್ಡಕ್ಕೆ ಒಂದು ಸಲ, ಉದ್ದಕ್ಕೆ ಒಂದು ಸಲ ಬ್ಲರ್ ಮಾಡುತ್ತದೆ. ಒಂದೊಂದು ದಿಕ್ಕಿಗೆ 61 ಸ್ಯಾಂಪಲ್ (ಅಕ್ಕಪಕ್ಕದಿಂದ ಓದುವ ಬಣ್ಣ), ಎರಡೂ ಸೇರಿ 122. ಅದನ್ನೇ ಒಂದೇ ಸಲಕ್ಕೆ ಚೌಕವಾಗಿ ಮಾಡಿದ್ದರೆ ಪ್ರತಿ ಪಿಕ್ಸೆಲ್‌ಗೆ 61×61, ಅಂದರೆ 3,721 ಸ್ಯಾಂಪಲ್ ಬೇಕಿತ್ತು! ರೇಡಿಯಸ್ ಜಾಸ್ತಿ ಮಾಡಿದರೂ ಸ್ಯಾಂಪಲ್ ಸಂಖ್ಯೆ ಬದಲಾಗುವುದಿಲ್ಲ. ಹಾಗೆ ಬಿಟ್ಟರೆ ಪಟ್ಟೆ ಪಟ್ಟೆ ಕಾಣುತ್ತದಲ್ವಾ, ಅದು ಕಾಣದಿರಲಿ ಅಂತ ಸ್ಯಾಂಪಲ್ ಜಾಗವನ್ನು ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಚೂರು ಆಚೀಚೆ ಮಾಡಿದ್ದಾರೆ. ಹೊಸದಾಗಿ ಶೇಡರ್ (ಜಿಪಿಯುನಲ್ಲಿ ಓಡುವ ಪುಟ್ಟ ಪ್ರೋಗ್ರಾಂ) ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಒಂದು ವಿಷಯ: ಫಿಲ್ಟರ್‌ಗಳನ್ನು ಸಾಲಾಗಿ ಜೋಡಿಸಿ ಕೊನೆಯಲ್ಲಿ ಅಪ್‌ಡೇಟ್ ಕರೆಯಲೇಬೇಕು. ಇಲ್ಲದಿದ್ದರೆ ಪರದೆ ಮೇಲೆ ಏನೂ ಬರುವುದಿಲ್ಲ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಆದರೆ ಸರ್, ವೇಗದ ಚಿಂತೆ ಜಿಪಿಯುಗೆ ಹೋದ ಕೂಡಲೇ ಮುಗಿಯಿತು, ಮೆಮೊರಿ ಚಿಂತೆ ಅಲ್ಲಿಂದ ಶುರು. ಕಡಿಮೆ ಬೆಲೆಯ ಮೊಬೈಲ್‌ಗಳಲ್ಲಿ ಇದನ್ನು ಓಡಿಸಿ ನೋಡಿದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಮೊಬೈಲ್ ಒಪ್ಪಿದರೆ ಈ ಲೈಬ್ರರಿ ಒಳಗಿನ ಟೆಕ್ಸ್ಚರ್‌ಗಳನ್ನು ಫ್ಲೋಟ್‌ನಲ್ಲಿ, ಅಂದರೆ ದಶಮಾಂಶ ಸಂಖ್ಯೆಗಳಲ್ಲಿ ಇಡುತ್ತದೆ. ಬಣ್ಣ ನಯವಾಗಿ ಬರುತ್ತದೆ, ನಿಜ. ಆದರೆ ಒಂದು ಪಿಕ್ಸೆಲ್‌ಗೆ 4 ಬೈಟ್ ಹೋಗಿ 16 ಬೈಟ್ ಆಗುತ್ತದೆ. 1.2 ಕೋಟಿ ಪಿಕ್ಸೆಲ್‌ಗೆ 192 ಎಂಬಿ. ಒಂದರಿಂದ ಓದಿ ಇನ್ನೊಂದಕ್ಕೆ ಬರೆಯಲು ಅಂಥವು ಎರಡು ಬೇಕು, ಅಂದರೆ 384 ಎಂಬಿ. ಮೂಲ ಫೋಟೋದ 48 ಎಂಬಿ ಬೇರೆ. ಬ್ರೌಸರ್ ಸದ್ದಿಲ್ಲದೆ ಪೇಜ್ ರೀಲೋಡ್ ಮಾಡಿದರೆ ಮೊದಲು ಇಲ್ಲಿ ಹುಡುಕಿ.

ಉಪಾಯ ಸುಲಭ. ಸ್ಲೈಡರ್ ಎಳೆಯುವಾಗ ಪೂರ್ತಿ ಫೋಟೋ ಬೇಡವೇ ಬೇಡ. ಮೊಬೈಲ್ ಪರದೆಗೆ ಅಗಲ 1,200 ಪಿಕ್ಸೆಲ್ ಸಾಕು. ಅಲ್ಲಿಗೆ ಕೆಲಸ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬ್ಲರ್ ರೇಡಿಯಸ್ ಇರುವುದು ಪಿಕ್ಸೆಲ್ ಲೆಕ್ಕದಲ್ಲಿ. ಹಾಗಾಗಿ ಚಿಕ್ಕದರಲ್ಲಿ 6 ಇಟ್ಟರೆ 4,000 ಅಗಲದ ಮೂಲಕ್ಕೆ 20 ಇಡಬೇಕು. ಇದನ್ನು ಹೊಂದಿಸದಿದ್ದರೆ ಗ್ರಾಹಕರು ನೋಡಿದ್ದೇ ಒಂದು, ಪ್ರಿಂಟ್ ಆಗಿ ಬರುವುದೇ ಇನ್ನೊಂದು. ಮದುವೆ ಫೋಟೋದಲ್ಲಿ ಹಾಗಾದರೆ ಯಾರು ಸುಮ್ನಿರ್ತಾರೆ?

ಇನ್ನು, ಫೋಟೋ ಬದಲಿಸುವಾಗ ಹಳೆಯ ಟೆಕ್ಸ್ಚರ್ ಮೇಲೆ ಡೆಸ್ಟ್ರಾಯ್ ಕರೆಯಿರಿ. ಹೊಸ ಮೊಬೈಲ್‌ಗಳ 50 ಮೆಗಾಪಿಕ್ಸೆಲ್ ಫೋಟೋದ ಅಗಲ 8,000 ಪಿಕ್ಸೆಲ್ ದಾಟುತ್ತದೆ. 4,096ಕ್ಕಿಂತ ದೊಡ್ಡ ಟೆಕ್ಸ್ಚರ್ ತೆಗೆದುಕೊಳ್ಳದ ಫೋನ್‌ಗಳಿವೆ. ಮಿತಿ ಎಷ್ಟು ಅಂತ ವೆಬ್‌ಜಿಎಲ್ ಅನ್ನೇ ಕೇಳಿ, ಆಮೇಲೆ ಚಿತ್ರ ಕೊಡಿ.

ಉತ್ತರ 3

ಬರೀ ಬ್ರೈಟ್‌ನೆಸ್, ಕಾಂಟ್ರಾಸ್ಟ್, ಸೆಪಿಯಾ ಸಾಕು ಅಂದರೆ ಲೈಬ್ರರಿಯೇ ಬೇಡ. ಸಿಎಸ್‌ಎಸ್‌ನಲ್ಲಿ ಫಿಲ್ಟರ್ ಇದೆ. ಅದು ತೋರಿಸಲು ಮಾತ್ರ, ಡೌನ್‌ಲೋಡ್ ಮಾಡಿದರೆ ಮೂಲ ಚಿತ್ರವೇ ಬರುತ್ತದೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಚಿಕ್ಕ ಚಿತ್ರ ಹಾಕಿದೆ, ಸ್ಲೈಡರ್ ಈಗ ಹಗುರವಾಗಿ ಓಡುತ್ತಿದೆ. ಆದರೆ ಸೇವ್ ಮಾಡಿದರೆ ಖಾಲಿ ಚಿತ್ರ ಬರುತ್ತಿದೆ. ಇನ್ನೊಂದು, ನಮ್ಮ ಫೋಟೋಗಳು ಬೇರೆ ಡೊಮೈನ್‌ನಲ್ಲಿವೆ. ಅವು ಲೋಡೇ ಆಗುತ್ತಿಲ್ಲ, ಸೆಕ್ಯುರಿಟಿ ಎರರ್.

ಉತ್ತರ 2

ಮಾಮೂಲಿಯಾಗಿ ವೆಬ್‌ಜಿಎಲ್ ಕ್ಯಾನ್ವಾಸ್ ಒಮ್ಮೆ ಪರದೆಗೆ ಹೋದ ಮೇಲೆ ಅದರ ಬಫರ್ (ಚಿತ್ರ ಇಟ್ಟುಕೊಂಡ ಮೆಮೊರಿ) ಖಾಲಿಯಾಗುತ್ತದೆ. ಸೇವ್ ಬಟನ್ ಒತ್ತಿದಾಗ ಮತ್ತೊಮ್ಮೆ ಡ್ರಾ, ಫಿಲ್ಟರ್, ಅಪ್‌ಡೇಟ್ ಮಾಡಿ, ಅದೇ ಫಂಕ್ಷನ್‌ನಲ್ಲಿ ತಕ್ಷಣ ಚಿತ್ರ ತೆಗೆದುಕೊಳ್ಳಿ. ನಡುವೆ ಟೈಮರ್ ಇಡಬೇಡಿ. ಎರಡನೆಯದಕ್ಕೆ, ಫೋಟೋ ಇರುವ ಸರ್ವರ್ ಸಿಒಆರ್‌ಎಸ್ ಹೆಡರ್ (ಬೇರೆ ಡೊಮೈನ್ ಬಳಸಬಹುದು ಎಂಬ ಒಪ್ಪಿಗೆ) ಕೊಡಬೇಕು. ನೀವು ಇಮೇಜ್‌ಗೆ ಕ್ರಾಸ್‌ಒರಿಜಿನ್ ಹಾಕಬೇಕು, ಅದೂ ಸೋರ್ಸ್ ಕೊಡುವ ಮೊದಲೇ.

ಉತ್ತರ 4

ಪ್ರಿಂಟ್‌ಗೆ ಹೋಗುವ ಫೈಲನ್ನು ಗ್ರಾಹಕರ ಮೊಬೈಲ್‌ನಲ್ಲಿ ಯಾಕೆ ಮಾಡಿಸಬೇಕು ಸರ್? ನಮ್ಮಲ್ಲಿ ಮೊಬೈಲ್‌ನಿಂದ ಬರುವುದು ಸ್ಲೈಡರ್ ನಂಬರ್‌ಗಳು ಮಾತ್ರ. ಪೂರ್ತಿ ಅಳತೆಯ ಫೋಟೋ ಸರ್ವರ್‌ನಲ್ಲಿ ಲಿಬ್‌ವಿಪ್ಸ್ ಅನ್ನೋ ಇಮೇಜ್ ಲೈಬ್ರರಿ ಮಾಡುತ್ತದೆ. ಅದು ಇಡೀ ಚಿತ್ರವನ್ನು ಮೆಮೊರಿಗೆ ತುಂಬದೆ ತುಂಡು ತುಂಡಾಗಿ ಹರಿಸುತ್ತದೆ, ಸಿಪಿಯು ಕೋರ್‌ಗಳನ್ನೆಲ್ಲ ದುಡಿಸುತ್ತದೆ. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಬಳಸುವವರಾದರೆ ಶಾರ್ಪ್ ಅನ್ನೋ ಪ್ಯಾಕೇಜ್ ಹಾಕಿಕೊಳ್ಳಿ, ಅದರೊಳಗೆ ಇರುವುದೂ ಲಿಬ್‌ವಿಪ್ಸೇ. ಎರಡೂ ಕಡೆಯ ಸೂತ್ರ ಒಂದೇ ಇರಬೇಕು. ಒಂದರ ಕಾಂಟ್ರಾಸ್ಟ್ 0.2 ಇನ್ನೊಂದರ 0.2 ಆಗುವುದಿಲ್ಲ. ಶೇಡರ್‌ನಲ್ಲಿರುವ ಲೆಕ್ಕವನ್ನೇ ಸರ್ವರ್‌ನಲ್ಲೂ ಬರೆದು, ಒಂದೇ ಮುಖದ ಫೋಟೋ ಎರಡರಲ್ಲೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಚರ್ಮದ ಬಣ್ಣದಲ್ಲಿ ವ್ಯತ್ಯಾಸ ಬೇಗ ಗೊತ್ತಾಗುತ್ತದೆ.